ಬಿರುಕು ಕಪ್ಪು

“ಕಂಪ್ಯೂಟರೇ ಹೇಳ್ತಿದೆಯಲ್ಲಮ್ಮ, ಬಿರುಕು ಬಿಟ್ಟ ಮೇಲೆ ಸೇತುವೆ ಮೊದಲಿಗಿಂತ ಗಟ್ಟಿಯಾಗಿದೆ ಅಂತ! ನಾಳೆಯಿಂದ ಶಾಲೆ ಮಕ್ಕಳು ಓಡಾಡ್ಲಿ ಬಿಡು,” ಎಂದು ನಗುತ್ತಾ ಮುಖ್ಯ ಎಂಜಿನಿಯರ್ ಸಹಿ ಹಾಕಲು ಪೆನ್ನು ತೆರೆದರು. ಲೆಕ್ಕ ಮಾಡಿದ್ದ ಕಿರಿಯ ಎಂಜಿನಿಯರ್ ಹುಡುಗಿಗೆ ಮೈಯೆಲ್ಲ ಉರಿಯಿತು. ಬಿರುಕು ಬಿಟ್ಟ ಸೇತುವೆ ಮೊದಲಿಗಿಂತ ನಿಧಾನವಾಗಿ ಕಂಪಿಸಬೇಕು. ಪರದೆಯ ಮೇಲಿನ ಸೇತುವೆ ಮೊದಲಿಗಿಂತಲೂ ಬೇಗ ಕಂಪಿಸುತ್ತಿತ್ತು; ಅದನ್ನೇ ಅವರು ಗಟ್ಟಿತನ ಎಂದುಕೊಂಡಿದ್ದರು. ಎಲ್ಲೋ ತಪ್ಪಿದೆ ಎಂದು ಬೆಳಗಿನಿಂದ ಬಡಕೊಂಡರೂ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ.

ಕಚೇರಿಯ ಮೂಲೆಯಲ್ಲಿ, ಎಲ್ಲರಿಗೂ ಟೀ ಕೊಡುವ ತಾತ ಒಂದೊಂದೇ ಕಪ್ಪನ್ನು ಚಮಚದಿಂದ ತಟ್ಟಿ ನೋಡುತ್ತಿದ್ದರು. ಟಿಣ್, ಟಿಣ್, ಠಪ್. ಮಂಕಾಗಿ ಸದ್ದು ಮಾಡಿದ, ಬಿರುಕು ಬಿಟ್ಟ ಕಪ್ಪನ್ನು ಎಂದಿನಂತೆ ತಮ್ಮ ಕಡೆಗೆ ಎಳೆದುಕೊಂಡರು. ಬಿಸಿ ಟೀ ಬೇರೆ ಯಾರ ಕೈಮೇಲೂ ಚೆಲ್ಲಬಾರದು.

“ತಾತ, ಬಿರುಕು ಬಿಟ್ಟ ಮೇಲೆ ಇದರ ತೂಕ ಕಡಿಮೆ ಆಯ್ತಾ?” ಅವಳು ಆ ಕಪ್ಪನ್ನೇ ನೋಡುತ್ತ ಕೇಳಿದಳು.

“ತೂಕ ಎಲ್ಲಿ ಹೋಗುತ್ತಮ್ಮ? ಒಂದು ಚೂರೂ ಉದುರಿಲ್ವಲ್ಲ!”

ಅವಳು ಹಣೆ ಚಚ್ಚಿಕೊಂಡಳು. ಬಿರುಕು ತೋರಿಸಲೆಂದು ಅವಳು ಆ ಭಾಗವನ್ನೇ ಲೆಕ್ಕದಿಂದ ಅಳಿಸಿದ್ದಳು; ಅದರ ಜೊತೆಗೆ ಅಷ್ಟು ಕಾಂಕ್ರೀಟಿನ ಭಾರವೂ ಹೋಗಿತ್ತು. ಹಗುರಾದ ಸೇತುವೆ ಬೇಗಬೇಗ ಕುಣಿಯದೆ ಇನ್ನೇನು?

“ತಪ್ಪು ನನ್ನದೇ ಸರ್, ಮತ್ತೆ ಮಾಡ್ತೀನಿ. ದಯವಿಟ್ಟು ಸಹಿ ಹಾಕ್ಬೇಡಿ.”

“ಬಂದಿರೋ ಉತ್ತರ ಚೆನ್ನಾಗೇ ಇದೆ. ತಲೆ ತಿನ್ಬೇಡ.”

ಅವಳು ಬಿರುಕು ಕಪ್ಪಿಗೆ ಕುದಿಯುವ ಟೀಯನ್ನು ಅಂಚಿನವರೆಗೆ ಸುರಿದು ಅವರ ಮುಂದೆ ಹಿಡಿದಳು. “ಬಿರುಕು ಬಿಟ್ಟಿದೆ, ಅಂದ್ರೆ ನಿಮ್ಮ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಕಪ್ಪು ಇದೇ ಸರ್. ತಗೊಳ್ಳಿ.”

ಪೆನ್ನು ಹಿಡಿದಿದ್ದ ಕೈ ತಾನಾಗಿಯೇ ಹಿಂದೆ ಸರಿಯಿತು.