ಹಾರ್ನ್ ಮುಚ್ಚಳದ ಕೆಳಗೆ

ಸ್ಟೇರಿಂಗ್ ನಡುವಿನ ಹಾರ್ನ್ ಮುಚ್ಚಳ ಕಳಚಿ ಕೈಗೆ ಬಂದದ್ದೇ ಮೆಕ್ಯಾನಿಕ್ ಯಲ್ಲಯ್ಯ ಅದನ್ನು ಮಗುಚಿ ನೋಡಿದ. ಮತ್ತೆ ಒಳಗಿನ ಗೂಡಿಗೆ ಟಾರ್ಚ್ ಬಿಟ್ಟ. ಪಕ್ಕದ ಸೀಟಿನಲ್ಲಿದ್ದ ಶುಭಾಳಿಗೆ ಅವನ ಮುಖ ಬದಲಾದದ್ದು ಕಂಡಿತು. ಎಡಕ್ಕೆ ತಿರುಗಿಸಿದಾಗಲೆಲ್ಲ ಸ್ಟೇರಿಂಗ್‌ನಿಂದ ಟಕ್ ಟಕ್ ಎಂದು ಸದ್ದು ಬರುತ್ತದೆಂದು ಅವಳು ಗಾಡಿಯನ್ನು ಚಿಕ್ಕಲಸಂದ್ರದ ಈ ಗ್ಯಾರೇಜಿಗೆ ತಂದಿದ್ದಳು. ಗಾಡಿಯ ಕೆಳಗೆ ನುಗ್ಗಿ ಎಲ್ಲವನ್ನೂ ಅಲ್ಲಾಡಿಸಿ ನೋಡಿ, ಚಕ್ರದ ಕಡೆ ಏನೂ ತೊಂದರೆಯಿಲ್ಲ, ಸದ್ದು ಮೇಲಿಂದಲೇ ಬರುತ್ತಿದೆ ಎಂದವನು ಅವನೇ.

"ಮೇಡಂ, ಈ ಗಾಡಿ ಆಕ್ಸಿಡೆಂಟ್ ಆಗಿತ್ತಾ?"

ಇಲ್ಲವೆಂದಳು. ಜಯನಗರದಲ್ಲಿರುವ ಅಕ್ಕ ತನ್ಮಯಿಯ ಗಾಡಿ ಅದು. ಅಕ್ಕನನ್ನು ಬಿಟ್ಟರೆ ಬೇರೆ ಯಾರೂ ಓಡಿಸಿದ್ದಿಲ್ಲ. ಅಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ, ಆಟೋದಲ್ಲಿ ಯಾಕೆ ಒದ್ದಾಡುತ್ತೀರಿ, ಇದನ್ನೇ ಇಟ್ಟುಕೊಳ್ಳಿ ಎಂದು ಭಾವ ಶಶಿಧರ್ ತಾವೇ ಓಡಾಡಿ ಗಾಡಿಯನ್ನು ಶುಭಾಳ ಹೆಸರಿಗೆ ಮಾಡಿಸಿಕೊಟ್ಟಿದ್ದರು. ಗಿರಿನಗರದ ಮನೆಯ ಮುಂದೆ ಅದು ಬಂದು ನಿಂತ ದಿನ ಅಮ್ಮ ಅಳಿಯನನ್ನು ಬಾಯಿತುಂಬ ಹರಸಿದ್ದಳು.

ಯಲ್ಲಯ್ಯ ಮುಚ್ಚಳವನ್ನು ಅವಳ ಕೈಗೆ ಕೊಟ್ಟು ಒಳಗೆ ನೋಡಿ ಎಂದ. ಏರ್‌ಬ್ಯಾಗ್ ಇರಬೇಕಾದ ಜಾಗ ಖಾಲಿ. ಮೇಲೆ ಕೂರಿಸಿದ್ದು ಡೂಪ್ಲಿಕೇಟ್ ಮುಚ್ಚಳ. ಅದರ ಒಂದು ಕೊಕ್ಕೆ ಮುರಿದು, ತಿರುಗಿಸಿದಾಗಲೆಲ್ಲ ಒಳಗಿನ ತಗಡಿಗೆ ಬಡಿಯುತ್ತಿತ್ತು. ಸದ್ದು ಅದರದ್ದು. ಬ್ಯಾಗ್ ಇಲ್ಲವೆಂದು ಮೀಟರಿನ ಪಕ್ಕದ ಎಚ್ಚರಿಕೆ ದೀಪ ತೋರಿಸಿಕೊಡದ ಹಾಗೆ ವೈರಿನ ತುದಿಗೆ ಯಾರೋ ಪುಟ್ಟದೊಂದು ರೆಸಿಸ್ಟರ್ ಬೆಸೆದಿದ್ದರು. ಅಮ್ಮ ಕೂರುವ ಪಕ್ಕದ ಸೀಟಿನ ಎದುರೂ ಅಷ್ಟೇ. ಬ್ಯಾಗ್ ಹರಿದುಕೊಂಡು ಬಂದ ಜಾಗವನ್ನು ಅಂಟು ಹಾಕಿ ಮುಚ್ಚಿ ಬಣ್ಣ ಬಳಿದಿದ್ದರು.

"ಎರಡೂ ಬ್ಯಾಗ್ ಒಂದ್ಸಲ ಓಪನ್ ಆಗೋಗಿದೆ ಮೇಡಂ. ಜೋರಾಗೇ ಗುದ್ದಿರ್ಬೇಕು. ಓಡಿಸ್ತಿದ್ದೋರಿಗೆ ಮುಖಾನೋ ಕೈನೋ ತರಚಿ ಸುಟ್ಟಿರತ್ತೆ." ಅಷ್ಟು ಹೇಳಿ, ಮಾತು ಹೆಚ್ಚಾಯಿತೇನೋ ಎಂಬಂತೆ ಅವನು ಸ್ಕ್ರೂಗಳನ್ನು ಆರಿಸತೊಡಗಿದ.

ಶುಭಾಳಿಗೆ ಗಾಡಿ ಕೈಗೆ ಬರುವ ಮುಂಚಿನ ಗೌರಿಹಬ್ಬ ನೆನಪಾಯಿತು. ಬಾಗಿನಕ್ಕೆಂದು ಬಂದ ಅಕ್ಕ ಆ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ಬಳೆ ಸರಿದಾಗ ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ಸುಲಿದು ಕೆಂಪಗಿತ್ತು. ಕುಕ್ಕರಿನ ಹಬೆ ಹೊಡೆಯಿತು ಎಂದಿದ್ದಳು. ಅಮ್ಮ ಅದಕ್ಕೆ ಲೋಳೆಸರ ಹಚ್ಚಿದ್ದಳು.

ಗಾಡಿಯನ್ನು ಹಾಗೇ ಇಟ್ಟಿರಿ, ಏನೂ ರಿಪೇರಿ ಮಾಡಬೇಡಿ ಎಂದು ಹೇಳಿ ಅವಳು ಜಯನಗರಕ್ಕೆ ಆಟೋ ಹಿಡಿದಳು. ಅಕ್ಕ ಒಬ್ಬಳೇ ಇದ್ದಳು, ಊಟದ ಮೇಜಿನ ಮೇಲೆ ಮೆಂತ್ಯ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದಳು. ಕೂರು ಅಂದರೂ ಕೂರದೆ ಶುಭಾ ಗ್ಯಾರೇಜಿನಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಸುಳ್ಳು ಹೇಳಲಿ, ಬೈಯಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಅಕ್ಕ ಎರಡನ್ನೂ ಮಾಡಲಿಲ್ಲ. ಸೊಪ್ಪು ಬಿಡಿಸುತ್ತಲೇ ಹೇಳಿದಳು. ಮೈಸೂರಿನಲ್ಲಿ ಗೆಳತಿಯ ಮಗಳ ಮದುವೆ ಮುಗಿಸಿ ರಾತ್ರಿಯೇ ಒಬ್ಬಳೇ ಹೊರಟವಳು ಇಲ್ಲಿನ ರಿಂಗ್ ರೋಡಿಗೆ ಬರುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ಕಣ್ಣು ಎಳೆಯುತ್ತಿತ್ತು. ರಸ್ತೆ ಗುಡಿಸುವ ಹೆಂಗಸೊಬ್ಬಳು ಕಂಡದ್ದು ಗುದ್ದುವ ಕ್ಷಣದಲ್ಲಿ. ಅವಳಿಗೆ ತಾಗಿದ ಗಾಡಿ ಹೋಗಿ ಡಿವೈಡರಿಗೆ ಬಡಿಯಿತು. ಇಳಿಯಲಿಲ್ಲ. ಜೋತುಬಿದ್ದ ಏರ್‌ಬ್ಯಾಗನ್ನು ತೊಡೆಯ ಮೇಲೆ ಹಾಕಿಕೊಂಡೇ ಮನೆಗೆ ಓಡಿಸಿಕೊಂಡು ಬಂದಳು. ಮಿಕ್ಕಿದ್ದನ್ನೆಲ್ಲ ಭಾವ ನೋಡಿಕೊಂಡರು.

"ಹೊರಗಡೆ ಮಾರಬಹುದಿತ್ತಲ್ಲ ಅಕ್ಕ. ನಮಗ್ಯಾಕೆ ಕೊಟ್ರಿ?"

"ಹೊರಗಿನೋರು ಬಿಚ್ಚಿ ನೋಡ್ತಾರೆ ಅಂದ್ರು ಇವ್ರು. ಮನೆಯೋರ ಹತ್ರ ಇದ್ರೆ ಯಾರು ನೋಡ್ತಾರೆ?"

"ಅಮ್ಮ ಮುಂದಿನ ಸೀಟಲ್ಲೇ ಕೂತ್ಕೊಳ್ಳೋದು."

ಅಕ್ಕನ ಕೈ ಮೊದಲ ಸಲ ನಿಂತಿತು. "ಹಿಂದೆ ಕೂರಿಸೇ, ಹಿಂದೆ ಕೂರಿಸೇ ಅಂತ ಎಷ್ಟು ಸಲ ಫೋನಲ್ಲಿ ಬಡ್ಕೊಂಡೆ ನಿಂಗೆ."

ಬಡಿದುಕೊಂಡಿದ್ದು ನಿಜ. ಅಮ್ಮನ ಮೇಲೆ ಅಕ್ಕನಿಗೆಷ್ಟು ಕಾಳಜಿ ಎಂದುಕೊಂಡಿದ್ದಳು ಶುಭಾ. ಈಗ ಕುರ್ಚಿ ಎಳೆದು ಕೂತಳು. ಇವತ್ತೇ ಪೊಲೀಸ್ ಸ್ಟೇಷನ್‌ಗೆ ಹೋಗಿ ಹೇಳಿಬಿಡೋಣ, ನಾನೂ ಜೊತೆಗೆ ಬರುತ್ತೇನೆ ಎಂದಳು. ಗಾಡಿ ಈಗ ನಿನ್ನ ಹೆಸರಿನಲ್ಲಿದೆ, ಮೊದಲು ನಿನ್ನನ್ನೇ ಕರೆದು ಕೂರಿಸುತ್ತಾರೆ ಎಂದಳು ಅಕ್ಕ. ಹೆದರಿಸುವ ದನಿಯಲ್ಲಲ್ಲ, ಕೊತ್ತಂಬರಿ ಬಾಡಿದೆ ಎನ್ನುವ ಹಾಗೆ. ಭಾವ ಹೇಳಿಕೊಟ್ಟ ಮಾತು ಎಂಬುದು ಗೊತ್ತಾಗುವಂತಿತ್ತು.

ಆದರೂ ಹೋಗುತ್ತೇನೆ ಎಂದಳು ಶುಭಾ. ಹೇಳಿದ ಮೇಲೆ ತನ್ನ ದನಿ ತನಗೇ ನಂಬುವಂತೆ ಕೇಳಿಸಲಿಲ್ಲ. ಅಮ್ಮನಿಗೆ ನಾಳೆ ಬೆಳಿಗ್ಗೆ ಡಯಾಲಿಸಿಸ್ ಇತ್ತು. ಕೆಳಗೆ ಬೀದಿಯಲ್ಲಿ ಯಾರೋ ಹೂವು ಮಾರುತ್ತ ಹೋದರು.

"ಅಕ್ಕ, ಆ ಹೆಂಗಸು ಬದುಕಿದಾಳಾ?"

ತನ್ಮಯಿ ಮೆಂತ್ಯದ ಕಡ್ಡಿಗಳನ್ನೆಲ್ಲ ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದಳು.

"ಗೊತ್ತಿಲ್ಲ ಕಣೇ. ಮಾರನೇ ದಿನದಿಂದಲೇ ಮನೆಗೆ ಪೇಪರ್ ಹಾಕಿಸ್ಕೊಳ್ಳೋದು ನಿಲ್ಲಿಸಿಬಿಟ್ವಿ."