ಗ್ರಹಣದಲ್ಲಿ ಹೆಚ್ಚಿದ ಬದನೆಕಾಯಿ

ಡಾಕ್ಟರು ಪ್ರೇಮಾಬಾಯಿಯ ಎಡಪಕ್ಕೆಯನ್ನು ಸ್ಕ್ಯಾನಿಂಗಿನಲ್ಲಿ ಮೇಲೆ ಕೆಳಗೆ ಹುಡುಕಿ ಕೈಬಿಟ್ಟರು. "ಮಾವಶಿ, ನಿಮಗೂ ಒಂದೇ ಕಿಡ್ನಿ," ಎಂದರು ಮರಾಠಿಯಲ್ಲಿ, ಚಿಕ್ಕಮ್ಮನನ್ನು ಕರೆಯುವಂತೆ.

ಗೋಡೆಗೆ ಒರಗಿದ್ದ ಬಸುರಿ ಸೊಸೆ ಭಾಗ್ಯಶ್ರೀ ಸ್ಕ್ಯಾನಿಂಗಿನ ಪರದೆಯ ಹತ್ತಿರ ಬಂದಳು. ಹೊಟ್ಟೆಯಲ್ಲಿರುವ ಕೂಸಿಗೆ ಒಂದೇ ಕಿಡ್ನಿ ಎಂದು ತಿಳಿದಂದಿನಿಂದ ದುಡಿಯಲು ಬಂದು ನೆಲೆಸಿದ ವಾಳೂಜಿನ ತಗಡಿನ ಖೋಲಿಯಲ್ಲಿ ಅತ್ತೆಯದು ಒಂದೇ ಮಾತು: ಗ್ರಹಣ ಹಿಡಿದಾಗ ಇವಳು ಬದನೆಕಾಯಿ ಹೆಚ್ಚಿದಳು. ಫ್ಯಾಕ್ಟರಿಯಿಂದ ದಣಿದು ಬಂದವಳಿಗೆ ಎದುರಾಡಲೂ ತ್ರಾಣವಿರಲಿಲ್ಲ. ಬರಬರುತ್ತ ಅವಳೂ ಅದನ್ನೇ ನಂಬಿದ್ದಳು. ಮನೆಯವರನ್ನೂ ಪರೀಕ್ಷಿಸಬೇಕೆಂದು ಕರೆಸಿದವರು ಡಾಕ್ಟರೇ.

ಅವರು ಬಿಡಿಸಿ ಹೇಳಿದರು. ಬಸಿರಿನ ಮೊದಮೊದಲ ವಾರಗಳಲ್ಲೇ ಜೀವಕೋಶಗಳ ಒಂದು ಗುಂಪು ಸಂಕೇತ ಕಳಿಸಿ ಕರೆಯುತ್ತದೆ, ಸಣ್ಣ ಮೊಳಕೆಯೊಂದು ಅದರ ಕಡೆ ಬೆಳೆದು ಕವಲೊಡೆದು ಕಿಡ್ನಿಯಾಗುತ್ತದೆ. ಆ ಸಂಕೇತ ಹೊರಡಿಸುವ ಜೀನಿನಲ್ಲಿ ದೋಷವಿದ್ದರೆ ಆ ಬದಿಗೆ ಕಿಡ್ನಿ ಮೂಡದೆ ಹೋಗಬಹುದು. ಅದು ವಂಶದಲ್ಲಿ ಇಳಿದು ಬರುವುದೂ ಉಂಟು. "ಒಂದೇ ಇದ್ದರೂ ಬಾಳಬಹುದು. ಮಾವಶಿ ಬಾಳಿಲ್ಲವೇ?"

ಪ್ರೇಮಾಬಾಯಿ ಸ್ಕ್ಯಾನಿಂಗಿಗೆಂದು ಪಕ್ಕೆಗೆ ಹಚ್ಚಿದ್ದ ಅಂಟನ್ನು ಸೆರಗಿನಿಂದ ಒರೆಸಿಕೊಂಡಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. ಆಮೇಲೆ ಸೊಸೆಯ ಮುಖ ನೋಡದೆ ಅಂದಳು, "ನಾ ಹೊಟ್ಟ್ಯಾಗಿದ್ದಾಗ ನಮ್ಮವ್ವ ಗ್ರಹಣದಾಗ ಈಳಿಗಿ ಮುಟ್ಟಿದಾಕಿ ಅಲ್ಲ."