ಎರಡು ಬಾಗಿಲ ನಡುವೆ

ಆಸ್ಪತ್ರೆಯ ಜಾಲತಾಣ ಮತ್ತೆ ತೆರೆಯದೆ ಸುತ್ತತೊಡಗಿದಾಗ, ಅದನ್ನು ನೋಡಿಕೊಳ್ಳುವ ಕೆಲಸದ ಅವನು ತಲೆಯ ಮೇಲೆ ಕೈ ಹೊತ್ತು ಕುಳಿತನು. ಅಣ್ಣನು ಬೆಳಿಗ್ಗೆ ಬಸ್ಸು ಹತ್ತಿಸಿ ಕಳುಹಿಸಿದ್ದ ತಾಯಿ, ಬಟ್ಟೆಯ ಚೀಲವನ್ನು ಮಡಿಲಿನಿಂದ ಇಳಿಸದೆ, ಅವನ ಕಚೇರಿಯ ಕುರ್ಚಿಯಲ್ಲಿ ಕುಳಿತಿದ್ದಳು. ಸಂಜೆಯ ಬಸ್ಸಿಗೆ ಅವಳನ್ನು ಅಣ್ಣನಲ್ಲಿಗೇ ಮರಳಿ ಕಳುಹಿಸುವುದೆಂದು ಅವನು ನಿಶ್ಚಯಿಸಿದ್ದನು.

“ಏನಾಗಿದೆಯೋ ಅದಕ್ಕೆ?” ಎಂದಳು ತಾಯಿ.

“ಬಾಗಿಲಲ್ಲಿರೋ ಪ್ರಾಕ್ಸಿ ಅನ್ನೋ ಕಾವಲು ಯಂತ್ರ ಬಂದವರನ್ನ ಒಳಗಿನ ಸರ್ವರ್ ಹತ್ರ ಕಳಿಸುತ್ತಮ್ಮ. ಆ ಸರ್ವರ್, ‘ಇಲ್ಲಲ್ಲ, ಅಲ್ಲಿಗೇ ಹೋಗು’ ಅಂತ ವಾಪಸ್ ಅಟ್ಟುತ್ತೆ. ಬಂದವರು ಎರಡರ ನಡುವೆ ಸುತ್ತುತ್ತಲೇ ಇರ್ತಾರೆ.”

“ಪಾಪ, ಅದಕ್ಕೂ ಇಬ್ಬರು ಗಂಡುಮಕ್ಕಳೇನೋ,” ಎಂದು ತಾಯಿ ನಕ್ಕಳು.

ಅವನು ಅವಳ ಮಡಿಲಿನ ಚೀಲದತ್ತ ತಿರುಗಿ ನೋಡಿದನು. ಆಮೇಲೆ, ಹಿಂದಕ್ಕಟ್ಟುವ ನಿಯಮದ ಸಾಲನ್ನು ಸರ್ವರಿನಿಂದ ಅಳಿಸಿದನು; ಪುಟ ತೆರೆಯಿತು. ಅವನು ಎದ್ದು, ಅವಳ ಮಡಿಲಿನ ಚೀಲವನ್ನೆತ್ತಿ ತನ್ನ ಹೆಗಲಿಗೇರಿಸಿಕೊಂಡನು.

“ಬಸ್ಸಿಗೆ ಹೊತ್ತಾಯ್ತಾ?” ಎಂದು ಅವಳೂ ಎದ್ದಳು.

“ಬಸ್ಸಿಗಲ್ಲಮ್ಮ, ನಮ್ಮನೆಗೆ. ಈ ಚೀಲ ಖಾಲಿ ಮಾಡೋಣ.”